ಎಳ್ಳಮಾವಾಸ್ಯೆಯ ಬಂಡಿಗೆ ಏಳು ಬಣ್ಣದ ಲೈಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಡುಹಗಲಲ್ಲಿ ಹೊಲಕ್ಕೆ ಹೋಗುವ ಬಂಡಿಗೆ ಬಣ್ಣ ಬದಲಿಸುವ ಲೈಟು ಕಟ್ಟಿದ ಮೂರ್ಖ ಈ ಜಿಲ್ಲೆಯಲ್ಲಿ ಒಬ್ಬನೇ ಇದ್ದರೆ ಅವನು ನಾನು. ಇಬ್ಬರಿದ್ದರೆ ದಯವಿಟ್ಟು ಇನ್ನೊಬ್ಬನ ವಿಳಾಸ ಕೊಡಿ. ನನಗೆ ಮಾತಾಡಲು ಯಾರಾದರೂ ಬೇಕಾಗಿದೆ.

ಎಳ್ಳಮಾವಾಸ್ಯೆಯ ದಿನ ಕಲಬುರ್ಗಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೆ? ಸೂಪರ್ ಮಾರ್ಕೆಟ್ಟಿನ ನಡುರಸ್ತೆಯಲ್ಲಿ ಕ್ರಿಕೆಟ್ ಆಡಬಹುದು. ಖಾನಾವಳಿ ಬಂದ್, ಚಹಾದಂಗಡಿ ಬಂದ್. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರಿಗೆ ಊರೇ ಎದ್ದು ಹೋಗುತ್ತದೆ. ಹೊಲವೂ ಇಲ್ಲದ, ಕರೆಯೂ ಬಾರದ ಮನುಷ್ಯ ಮಾತ್ರ ಊರಲ್ಲಿ ಉಳಿಯುತ್ತಾನೆ.

ಕಳೆದ ವರ್ಷ ಹಾಗೆ ಉಳಿದವನು ನಾನು. ಖೂಬಾ ಪ್ಲಾಟಿನ ನನ್ನ ರೂಮಿನಲ್ಲಿ ಬಿಸ್ಕೀಟನ್ನು ಚಹಾಕ್ಕೆ ಅದ್ದಿ ಮಧ್ಯಾಹ್ನದ ಊಟ ಮುಗಿಸಿದೆ. ಸಂಜೆ ಗೇಟಿನಲ್ಲಿ ನಿಂತು, ಟೆಂಪೊ ತುಂಬಿಕೊಂಡು ವಾಪಸು ಬರುವವರನ್ನು ನೋಡಿದೆ. ಕೆಳಗಿನ ಮನೆಯ ಪುಟ್ಟ ಹುಡುಗಿ ಹಸಿ ಕಡಲೆಯ ಒಂದು ಗಿಡ ಕೈಗೆ ಕೊಟ್ಟು, "ಅಂಕಲ್, ನೀವು ಯಾರ ಹೊಲಕ್ಕ ಹೋಗಿದ್ರಿ?" ಎಂದಳು. (ಇಪ್ಪತ್ತಾರಕ್ಕೇ ಅಂಕಲ್. ಆ ಗಾಯ ಬೇರೆ.)

ನನ್ನನ್ನು ಯಾಕೆ ಯಾರೂ ಕರೆಯಲಿಲ್ಲ? ಕಾರಣ ನನ್ನ ಗಂಟಲು.

ಈ ಅಂಕಣ ಓದುವವರಿಗೆ ನನ್ನ ರೋಗ ಗೊತ್ತು. ಯಾರು ಮಾತಾಡಿದರೂ ಎರಡೇ ನಿಮಿಷದಲ್ಲಿ ಅವರ ದನಿ ನನ್ನ ಬಾಯಲ್ಲಿ ಬಂದು ಕೂತಿರುತ್ತದೆ. ನಮ್ಮ ಆಫೀಸಿನ ಸಾಹೇಬರಿಗೆ ದೊಡ್ಡ ಹೊಲ. ಪ್ರತಿ ವರ್ಷ ಎಲ್ಲರನ್ನೂ ಕರೆಯುತ್ತಾರೆ. ಹೇಗೆ ಕರೆಯುತ್ತಾರೆ? ಬಲಗೈ ಎದೆಯ ಮೇಲೆ, ಕಣ್ಣು ಅರ್ಧ ಮುಚ್ಚಿ, "ಬರ್ರಿ... ಬರ್ಲೇಬೇಕು... ಬರ್ಲಿಲ್ಲಂದ್ರ ಸಿಟ್ಟಾಗ್ತೀನಿ ನೋಡ್ರಿ." ಹೊಲ ಯಾವ ರಸ್ತೆಯಲ್ಲಿದೆ ಎಂದು ಕೇಳಿದರೆ, "ಯಾರಿಗರೆ ಕೇಳ್ರಿ, ಹೇಳ್ತಾರ."

ಈ ಐಟಂ ನಾನು ಚಹಾದ ಹೊತ್ತಿನಲ್ಲಿ ಎಷ್ಟು ಸಲ ಮಾಡಿದ್ದೇನೋ. ಜನ ಕೇಳಿ ಕೇಳಿ ಮಾಡಿಸುತ್ತಿದ್ದರು. ಒಂದು ದಿನ ಎಲ್ಲರ ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಸಾಹೇಬರು. ಪಾಪ, ಅವರೂ ಸ್ವಲ್ಪ ನಕ್ಕರು. ಮರುವಾರ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಎಲ್ಲರನ್ನೂ ಎಳ್ಳಮಾವಾಸ್ಯೆಗೆ ಕರೆದರು. ನನ್ನ ಟೇಬಲ್ಲಿಗೆ ಬಂದಾಗ ನನ್ನ ಪೆನ್ನು ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಅಲ್ಲೇ ಇಟ್ಟು ಮುಂದಕ್ಕೆ ಹೋದರು.

ಅದಕ್ಕೇ ಈ ವರ್ಷ ಕರೆಯುವವನು ನಾನೇ ಆಗಬೇಕು ಎಂದು ತೀರ್ಮಾನಿಸಿದೆ. ನನಗೇನು ಹೊಲವಿಲ್ಲ. ಆದರೆ ಕಮಲಾಪುರದಲ್ಲಿ ನನ್ನ ಮಾಮಾ ಇದ್ದಾನೆ. ಅವನಿಗೆ ಹೊಲ ಇದೆ, ಆ ಊರಿಗೇ ಹೆಸರು ತಂದ ಕೆಂಪು ಬಾಳೆಯ ತೋಟ ಇದೆ, ಎತ್ತಿನ ಬಂಡಿಯೂ ಇದೆ. (ಕಳೆದ ವರ್ಷ ಮಾಮಾ, ಮಾಮಿ ಇಬ್ಬರೂ ಮಗಳ ಬಾಣಂತನಕ್ಕೆ ಹೋಗಿದ್ದರು. ಇಲ್ಲದಿದ್ದರೆ ಆ ಬಿಸ್ಕೀಟಿನ ಕಥೆಯೇ ಇರುತ್ತಿರಲಿಲ್ಲ.) ಫೋನು ಮಾಡಿ, "ನಮ್ಮ ಆಫೀಸಿನ ಮಂದಿ ಬರ್ತಾರ" ಎಂದೆ. ಮಾಮಿ ಒಂದೇ ಮಾತು ಕೇಳಿದಳು: "ಬಂಡಿ ತುಂಬತದೇನು?"

"ತುಂಬಿ ಹೊರಗ ಬೀಳ್ತದ" ಎಂದೆ.

ಆದರೆ ಬರೀ ಬಂಡಿ ಎಂದರೆ ಯಾರು ಬರುತ್ತಾರೆ? ಸಾಹೇಬರ ಕಡೆ ಜೀಪು ಇದೆ. ನನ್ನ ಬಂಡಿಯಲ್ಲಿ ಏನಾದರೂ ವಿಶೇಷ ಬೇಕಲ್ಲ. ಶಹಾಬಜಾರದ ಓಣಿಯೊಂದರಲ್ಲಿ ಹೊಸ ಮಾಲು ಬಂದಿದೆ ಎಂದು ಕೇಳಿದ್ದೆ, ಹೋದೆ. ಅಂಗಡಿಯ ಭಾಯಿ ಸಣ್ಣದೊಂದು ಡಬ್ಬಿಗೆ ಮೂರು ಪೆನ್ಸಿಲ್ ಸೆಲ್ಲು ಹಾಕಿ ಬಟನ್ ಒತ್ತಿದ. ಸರದ ತುಂಬ ಹೆಸರುಕಾಳಿನಷ್ಟು ಎಲ್‌ಇಡಿ ಬಲ್ಬುಗಳು. ಕೆಂಪಾದವು, ಹಸಿರಾದವು, ನೀಲಿಯಾದವು.

"ಕರೆಂಟ್ ಬೇಕಾಗಿಲ್ಲ ಸಾಬ್, ಸೆಲ್ ಮ್ಯಾಲೇ ನಡೀತದ. ಸಾತ್ ರಂಗ್ ಬದಲ್ತಾ. ಎದಕ್ಕ ಬೇಕಿತ್ರಿ?"

"ಬಂಡಿಗಿ."

"ಶಾದಿ ಬಂಡಿ?"

"ಎಳ್ಳಮಾವಾಸ್ಯೆ ಬಂಡಿ."

ಭಾಯಿ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹಳೆ ಪೇಪರಿನಲ್ಲಿ ಸುತ್ತಿಕೊಟ್ಟ. (ಗಿರಾಕಿಯ ದಡ್ಡತನವನ್ನು ತಿದ್ದುವುದು ಯಾವ ಅಂಗಡಿಯ ಕೆಲಸವೂ ಅಲ್ಲ.)

ಆ ಸಂಜೆ ರೂಮಿನ ಟ್ಯೂಬ್‌ಲೈಟು ಆರಿಸಿ, ಸರವನ್ನು ಕುರ್ಚಿಗೆ ಸುತ್ತಿ, ಹೊತ್ತಿಸಿ ಮುಂದೆ ಕೂತೆ. ಚಂದ ಇತ್ತು. ಚಂದ ಇದೆ ಅನ್ನಲು ಯಾರೂ ಇರಲಿಲ್ಲ. ಅದಕ್ಕೆ ನಾನೇ ಅಂದೆ. ಮೊದಲು ಕ್ಯಾಷಿಯರ್ ದನಿಯಲ್ಲಿ "ಅಬಬಬಬ" ಅಂದೆ. ಟೈಪಿಸ್ಟ್ ಅಕ್ಕನ ದನಿಯಲ್ಲಿ "ಅಯ್ಯ, ಎಷ್ಟ ಛಂದ ಅದ" ಅಂದೆ. ಹೀಗೆ ಆಫೀಸು ಪೂರ್ತಿ ನನ್ನ ರೂಮಿಗೆ ಬಂದು ಹೊಗಳಿ ಹೋಯಿತು. ಕತ್ತಲೆಯಲ್ಲಿ ನೋಡಿದ ಲೈಟು ಬಿಸಿಲಲ್ಲಿ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ನಾನೇ ಆಗಿದ್ದೆನಲ್ಲ.

ಕರೆಯುವ ದಿನ ಬಂತು. ಸಾಹೇಬರು ರಜೆಯ ಮೇಲಿದ್ದರು. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದಾಗ ಎದ್ದು ನಿಂತೆ. ಗಂಭೀರವಾಗಿ ಕರೆಯಬೇಕು ಎಂದೇ ನಿಂತೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಎಲ್ಲರ ಮುಖ ನನ್ನ ಕಡೆ ತಿರುಗಿತಲ್ಲ, ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಕಣ್ಣು ತಾವಾಗಿಯೇ ಮುಚ್ಚಿದವು.

"ಬರ್ರಿ... ಬರ್ಲೇಬೇಕು... ಕಮಲಾಪುರ ಬಸ್‌ಸ್ಟ್ಯಾಂಡಿಗೆ ಬಂಡಿ ಬರ್ತದ. ಅಂತಿಂಥ ಬಂಡಿ ಅಲ್ಲ, ಏಳು ಬಣ್ಣದ ಲೈಟಿನ ಬಂಡಿ..."

ಡಬ್ಬಿಯ ಮುಚ್ಚಳ ಬಡಿದು ನಕ್ಕರು. ಕ್ಯಾಷಿಯರಿಗೆ ರೊಟ್ಟಿ ನೆತ್ತಿಗೇರಿತು. "ಲೈಟಿನ ಬಂಡಿ ಅಂತ. ಯಪ್ಪಾ, ಇದು ಹೊಸಾದು." ಮೂಲೆಯ ಟೇಬಲ್ಲಿನ ಮಲ್ಲು ಕೂಡ ನಕ್ಕ. ಮಲ್ಲು ರಾಯಚೂರು ಕಡೆಯವನು, ಕೋಟನೂರಿನಲ್ಲಿ ರೂಮು ಮಾಡಿಕೊಂಡಿದ್ದಾನೆ, ಮಾತು ಕಡಿಮೆ. ನಕ್ಕು ಮುಗಿದ ಮೇಲೆ ಅವನು, "ಎಷ್ಟ ಗಂಟೆಕ್ಕಲೇ ಗುಂಡ್ಯಾ?" ಎಂದು ಕೇಳಿದ.

"ಒಂಬತ್ತಕ್ಕ. ಗೊತ್ತಾಗಲಿಲ್ಲಂದ್ರ ಯಾರಿಗರೆ ಕೇಳ್ರಿ, ಹೇಳ್ತಾರ" ಎಂದೆ. ಸಾಹೇಬರ ದನಿಯಲ್ಲೇ. ಮತ್ತೊಮ್ಮೆ ನಗು.

ಇಷ್ಟು ನಕ್ಕವರು ಬಾರದೆ ಇರುತ್ತಾರೆಯೇ? ನಗುವುದು ಅಂದರೆ ಒಪ್ಪುವುದು ಎಂದು ನಾನು ತಿಳಿದೆ. ನೀವೂ ಹಾಗೇ ತಿಳಿಯುತ್ತಿದ್ದಿರಿ, ಸುಮ್ಮನೆ ದೊಡ್ಡವರಾಗಬೇಡಿ.

ಹಿಂದಿನ ದಿನವೇ ಕಮಲಾಪುರ ಸೇರಿದೆ. ಬೆಳಿಗ್ಗೆ ಎದ್ದು ಬಂಡಿಯ ಬಿದಿರಿನ ಕಮಾನಿಗೆ, ಪಕ್ಕದ ಗೂಟಗಳಿಗೆ, ನೊಗದ ತನಕ ಸರ ಎಳೆದು ಕಟ್ಟಿದೆ. ಎತ್ತಿನ ಕೋಡಿಗೂ ಸುತ್ತಲು ಹೋದೆ. ಮಾಮಾ ತಡೆದ.

"ಅದಕ್ಕ ಬ್ಯಾಡ ಅಳಿಯಾ. ಅದು ಮರ್ಯಾದಸ್ಥ ಎತ್ತು."

ಬಟನ್ ಒತ್ತಿ ತೋರಿಸಿದೆ. ನೆರಳಲ್ಲಿ ಸ್ವಲ್ಪ ಕಂಡಿತು. ಮಾಮಾ ಬಗ್ಗಿ ನೋಡಿ, "ಒಂದ ಬಣ್ಣದ ಮ್ಯಾಲ ನಿಂದ್ರಂಗಿಲ್ಲೇನಿದು? ನಿನ್ನ ಬಳಗನ ಅದ ಬಿಡು" ಎಂದ. ಮಾಮಿ ಬುಟ್ಟಿಗಳನ್ನು ತಂದಿಟ್ಟಳು. ಒಂದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗುಡ್ಡ, ಒಂದರಲ್ಲಿ ಹೋಳಿಗೆ. ಭಜ್ಜಿಯ ಪಾತ್ರೆಯನ್ನು ಎತ್ತಲು ಇಬ್ಬರು ಬೇಕಾಯಿತು. ಹಿಂದಿನ ರಾತ್ರಿಯಿಂದ ಅವಳು ಒಲೆಯ ಮುಂದಿನಿಂದ ಎದ್ದಿರಲಿಲ್ಲ.

ಒಂಬತ್ತಕ್ಕೆ ಬಂಡಿ ಬಸ್‌ಸ್ಟ್ಯಾಂಡ್ ಮುಂದೆ ನಿಂತಿತು. ಬಿಸಿಲು ಏರಿತ್ತು. ಬಣ್ಣ ಬದಲಾಗುತ್ತಿತ್ತು, ಆದರೆ ಅದು ನನಗೂ ಡಬ್ಬಿಯೊಳಗಿನ ಸೆಲ್ಲಿಗೂ ಮಾತ್ರ ಗೊತ್ತು. ಹೊರಗೆ ನೋಡಿದರೆ ಬಂಡಿಗೆ ಯಾರೋ ವಾಯರು ಸುತ್ತಿದಂತಿತ್ತು. ಕಲಬುರ್ಗಿಯ ಬಸ್ಸು ಬಂತು. ಬುಟ್ಟಿ ಹಿಡಿದವರು, ಕೂಸು ಎತ್ತಿಕೊಂಡವರು ಇಳಿದರು, ಕಾಯುತ್ತಿದ್ದ ತಮ್ಮ ತಮ್ಮ ಬಂಡಿ ಟ್ರ್ಯಾಕ್ಟರು ಹತ್ತಿದರು. ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಏನ್ ತಮ್ಮಾ, ಬಂಡಿಗಿ ಕರೆಂಟಿನ ಬೇಲಿ ಹಾಕೀದೇನು?" ಎಂದರು.

"ಲೈಟ್ರೀ ಕಾಕಾ. ಹತ್ಯಾವ ನೋಡ್ರಿ." ಎರಡೂ ಅಂಗೈಗಳಿಂದ ಒಂದು ಬಲ್ಬನ್ನು ಮುಚ್ಚಿ, ಸಂದಿಯಲ್ಲಿ ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. "ಹೌದು, ಹಸರ ಅದ" ಎಂದು ನನ್ನ ಸಮಾಧಾನಕ್ಕೆ ಹೇಳಿ ಹೋದರು. ಅಷ್ಟು ಹೊತ್ತಿಗೆ ಅದು ನೀಲಿಯಾಗಿತ್ತು.

ಇನ್ನೊಂದು ಬಸ್ಸು ಬಂತು, ಮತ್ತೊಂದು ಬಂತು. ಕ್ಯಾಷಿಯರಿಗೆ ಮೊಬೈಲ್ ಹಚ್ಚಿದೆ. ಹಿಂದೆ ಜೀಪಿನ ಸದ್ದು, ಹೆಂಗಸರ ನಗು. "ಹಲೋ, ಧಣ್ಯಾರ. ಲೈಟಿನ ಬಂಡಿ ಎಲ್ಲಿಗಿ ಬಂತ್ರಿ?" ಎಂದು ಕೇಳಿದರು. ಆಗಲಾದರೂ ನಾನು ಏನು ಹೇಳಬೇಕಿತ್ತು? ಬಿಸಿಲಲ್ಲಿ ನಿಂತಿದ್ದೇನೆ, ಮಾಮಿ ರೊಟ್ಟಿ ಬಡಿದಿದ್ದಾಳೆ, ಬನ್ನಿ ಅನ್ನಬೇಕಿತ್ತು. ನಾನು ಅಂದದ್ದು, "ಬರ್ಲಿಲ್ಲಂದ್ರ ಸಿಟ್ಟಾಗ್ತೀನಿ ನೋಡ್ರಿ." ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಪಕ್ಕದವರಿಗೂ ಹೇಳಿ, ಫೋನು ಇಟ್ಟರು. ಮಲ್ಲುಗೆ ಮೊಬೈಲೇ ಇಲ್ಲ.

ಮಾಮಾ ಬೀಡಿ ಎಸೆದು ಹಗ್ಗ ಹಿಡಿದ. "ಎತ್ತಿಗಿ ಬಿಸಲಾಗ್ತದ" ಎಂದ.

ಹೊಲದಲ್ಲಿ ಪೂಜೆ ಆಯಿತು. ಆಮೇಲೆ ಭೂಮಿತಾಯಿಗೆ ಉಣಿಸುವ ಚರಗ. ಮಾಮಾ ಅನ್ನ, ರೊಟ್ಟಿ, ಭಜ್ಜಿ ಕಲಸಿದ್ದನ್ನು ಜೋಳದ ಸಾಲುಗಳಿಗೆ ಚೆಲ್ಲುತ್ತ, ಕೂಗುತ್ತ ಮುಂದೆ ಹೋಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು ಅದಕ್ಕೆ ದನಿಗೂಡಿಸಬೇಕು. ಆಚೀಚಿನ ಹೊಲಗಳಿಂದ ಹತ್ತಾರು ದನಿ ಒಟ್ಟಿಗೆ ಏಳುತ್ತಿತ್ತು. ನಮ್ಮ ಮಾಮಾನ ಹಿಂದೆ ತಂಬಿಗೆ ಹಿಡಿದು ನಾನೊಬ್ಬ.

ಅದಕ್ಕೆ ನಾನು ಎಲ್ಲರನ್ನೂ ಕರೆದುಕೊಂಡು ಬಂದೆ. ಒಂದು ಕೂಗಿಗೆ ಕ್ಯಾಷಿಯರ್, ಇನ್ನೊಂದಕ್ಕೆ ಟೈಪಿಸ್ಟ್ ಅಕ್ಕ, ಮೂಲೆಯಿಂದ ಮಲ್ಲು, ಕೊನೆಗೆ ಎದೆಯ ಮೇಲೆ ಕೈಯಿಟ್ಟ ಸಾಹೇಬರು. ಬದುವಿನ ಮೇಲೆ ಕೂತಿದ್ದ ಮಾಮಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾವು ಸುತ್ತು ಮುಗಿಸಿ ಬಂದ ಮೇಲೆ ಎಲೆಗೆ ರೊಟ್ಟಿ ಹಾಕುತ್ತ ಕೇಳಿದಳು.

"ಭಾಳ ಛಲೋ ಮಂದಿ ಅನಸ್ತದ ಗುಂಡೂ. ಮತ್ತ ಯಾಕ ಬರ್ಲಿಲ್ಲ?"

ಈ ಸಲ ನನ್ನದೇ ದನಿ ಬಂತು. ಇನ್ನೊಂದು ರೊಟ್ಟಿ ಹಾಕು ಎಂದೆ.

ಮರಳಿ ಹೊರಟಾಗ ಹೊತ್ತು ಮುಳುಗಿತ್ತು. ಈಗ ನೋಡಿ, ಲೈಟು ಎದ್ದು ಕಂಡವು. ಎತ್ತುಗಳ ಬೆನ್ನು ಕೆಂಪಾಯಿತು, ಹಸಿರಾಯಿತು. ದಾರಿಯ ಧೂಳೂ ಬಣ್ಣ ಹಚ್ಚಿಕೊಂಡಿತು. ಅಷ್ಟು ಚಂದದ ಬಂಡಿ ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ತುಂಬಿದ ಬುಟ್ಟಿಗಳ ಪಕ್ಕ ಮಾಮಿ ತೂಕಡಿಸುತ್ತಿದ್ದಳು. ಹಿಂದಿನಿಂದ ಬಂದ ಟ್ರ್ಯಾಕ್ಟರಿನ ತುಂಬ ಜನ ನಮ್ಮನ್ನು ದಾಟುವಾಗ ಸೀಟಿ ಹೊಡೆದರು, ಕೈ ಬೀಸಿದರು. ನಾನೂ ಬೀಸಿದೆ. ಅವರ ಸದ್ದು ಹೋದ ಮೇಲೆ ಗಾಲಿಯ ಸದ್ದು ಒಂದೇ. ಸೆಲ್ಲು ಇಳಿಯತೊಡಗಿ ಮೊದಲು ನೀಲಿ ಹೋಯಿತು, ಆಮೇಲೆ ಹಸಿರು. ಊರು ಮುಟ್ಟುವ ಹೊತ್ತಿಗೆ ಕೆಂಪೊಂದೇ ಉಳಿದಿತ್ತು.

ಮರುದಿನ ನಸುಕಿನ ಬಸ್ಸಿಗೆ ಹೊರಟಾಗ ಮಾಮಾ ಒಂದು ಚೀಲ ಕೆಂಪು ಬಾಳೆಹಣ್ಣು ಕೈಗಿಟ್ಟ. "ಬರಲಾರದವರಿಗಿ ಕೊಡು" ಎಂದ.

ಒಂದು ಮಾತು ಹೇಳಲೇ? ನಮ್ಮಲ್ಲಿ ಕರೆಯುವುದಕ್ಕೆ ಏನು ಬರ. ಕಾರ್ಡಿನಲ್ಲಿ ಕರೆಯುತ್ತೇವೆ, ಮೈಕಿನಲ್ಲಿ ಕರೆಯುತ್ತೇವೆ, ಈಗ ಮೊಬೈಲಿನಲ್ಲಿ ಎಸ್ಸೆಮ್ಮೆಸ್ ಬಿಟ್ಟು ಕರೆಯುತ್ತೇವೆ. ಬಂದರೆ ಸಂತೋಷ, ಬಾರದಿದ್ದರೆ ಇನ್ನೂ ಸಂತೋಷ. ಹೀಗಿರುವಾಗ ಯಾರಾದರೂ ನಿಜವಾಗಿ ಕರೆದರೆ ಗುರುತು ಹಿಡಿಯುವುದು ಹೇಗೆ? ಇದನ್ನು ಬಸ್ಸಿನಲ್ಲಿ ಕೂತು ಯೋಚಿಸಿದೆ. ತಪ್ಪು ಜನರದ್ದು ಎಂದು ಸಾಬೀತು ಮಾಡಿಕೊಂಡು, ಸಿಟ್ಟಿನಲ್ಲೇ ಆಫೀಸಿಗೆ ಬಂದೆ.

ಎಲ್ಲರ ಟೇಬಲ್ಲಿಗೂ ಒಂದೊಂದು ಹಣ್ಣು ಇಟ್ಟೆ. "ಸಾಹೇಬ್ರ ತೋಟದ್ದೇನೋ?" ಎಂದು ಸುಲಿದು ತಿಂದರು, ಚಲೋ ಅದ ಅಂದರು, ಸಿಪ್ಪೆ ಬುಟ್ಟಿಗೆ ಹಾಕಿದರು. ಮಲ್ಲು ಮಾತ್ರ ಸುಲಿಯಲಿಲ್ಲ. ಕೈಯಲ್ಲಿ ಹಿಡಿದು ನೋಡುತ್ತಿದ್ದ.

"ಇದು ಕಮಲಾಪುರದ್ದಲ್ಲೇನು?"

"ಹೌದು. ನಮ್ಮ ಮಾಮಾನ ತೋಟದ್ದು."

"ಅಂದ್ರ ನೀ ಖರೇನ ಹೋಗಿದ್ದೇನು?"

"ಬಂಡಿ ಖರೆ, ಲೈಟ ಖರೆ, ಬಸ್‌ಸ್ಟ್ಯಾಂಡಿನಾಗ ಬಿಸಲಾಗ ನಿಂತಿದ್ದೂ ಖರೆ" ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೈ ಎದೆಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ, "ತಾವು ಯಾರ ಹೊಲಕ್ಕ ಹೋಗಿದ್ರಿ ಧಣ್ಯಾರ?" ಎಂದು ಕೇಳಿದೆ.

ಮಲ್ಲು ಈ ಸಲ ನಗಲಿಲ್ಲ. ಹಣ್ಣನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟ.

"ಸಾಹೇಬ್ರ ಜೀಪಿನಾಗ ಜಾಗ ಆಗಲಿಲ್ಲ, ಕೋಟನೂರಿನ ರೂಮಿನಾಗ ದಿನಪೂರ್ತಿ ಒಬ್ಬನ ಬಿದ್ಕೊಂಡಿದ್ದೆ. ನೀ ಒಮ್ಮೆ ನಗಸಲಾರದ ಕರದಿದ್ರ ಬರ್ತಿದ್ದೆನಲ್ಲೋ."