ಹೆಸರು ಬರೆಯದ ವರದಿ

ಕೊರೊನಾ ಗಲಾಟೆ ಅಡಗಿದ ಮರುವರ್ಷ ನಾನು ಜಿಗಣಿಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ವಾರಕ್ಕೆರಡು ದಿನದ ಕೌನ್ಸೆಲರ್ ಆಗಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಮನೋರೋಗ ವಾರ್ಡಿನಲ್ಲಿ ನರ್ಸ್. ದೊಡ್ಡವರಿಗೆ ಬುದ್ಧಿ ಹೇಳಬಾರದು ಎಂಬುದನ್ನು ಅಲ್ಲೇ ಕಲಿತೆ. ಹೇಳುವವರು ಮನೆಯಲ್ಲೂ ಓಣಿಯಲ್ಲೂ ಬೇಕಾದಷ್ಟಿರುತ್ತಾರೆ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ನನ್ನ ಪದ್ಧತಿ. ಇಲ್ಲಿ ಆಡಿದ ಮಾತು ಈ ಕೋಣೆ ದಾಟುವುದಿಲ್ಲ ಎಂದು ಬಂದವರಿಗೆಲ್ಲ ಮೊದಲೇ ಭಾಷೆ ಕೊಡುತ್ತಿದ್ದೆ.

ರೇಣುಕಾ ಗದಗ ಕಡೆಯವರು. ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆ. ಐಟಿಐ ಓದಿ ಮೆಂಟೆನೆನ್ಸ್ ವಿಭಾಗದಲ್ಲಿ, ಅಂದರೆ ಕೆಟ್ಟ ಯಂತ್ರ ರಿಪೇರಿ ಮಾಡುವಲ್ಲಿ, ಫಿಟ್ಟರ್ ಆಗಿದ್ದರು. ನನ್ನ ಹತ್ತಿರ ಬರುವ ಎರಡು ತಿಂಗಳ ಮುಂಚೆ ಅವರ ಕಣ್ಣೆದುರೇ ಜೊತೆಯವನೊಬ್ಬನ ಕೈ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿತ್ತು. ಅಂದಿನಿಂದ ಪ್ರೆಸ್ ಹತ್ತಿರ ಹೋದರೆ ಇವರ ಬೆರಳು ನಡುಗುತ್ತಿದ್ದವು. ಸೂಪರ್‌ವೈಸರ್ ಹುದ್ದೆಗೆ ಇವರದೇ ಸರದಿ. ನಡುಕದ ಸುದ್ದಿ ಹೊರಬಿದ್ದರೆ ಹದಿನಾರು ವರ್ಷ ಕಾದದ್ದು ಮಣ್ಣುಪಾಲು.

ಮೊದಲೆರಡು ವಾರ ಬರೀ ಮಗಳ ಕಾಲೇಜಿನ ಮಾತು. ಮೂರನೇ ವಾರ ಆ ದಿನದ ಸಂಗತಿ ಹೇಳಿ ಅತ್ತರು. ಆಮೇಲೆ ಎಕ್ಸ್‌ಪೋಶರ್ ಕ್ರಮ ಶುರುಮಾಡಿದೆವು. ಭಯದ ಹತ್ತಿರಕ್ಕೆ ಸ್ವಲ್ಪಸ್ವಲ್ಪವೇ ಹೋಗುವ ವಿಧಾನ ಅದು: ನಿಂತ ಯಂತ್ರದ ಪಕ್ಕ ನಿಲ್ಲುವುದು, ಮುಟ್ಟುವುದು, ಬಿಚ್ಚುವುದು. ಒಂಬತ್ತನೇ ವಾರ ಒಂದು ಪ್ರೆಸ್ ಬಿಚ್ಚಿ ಜೋಡಿಸಿ, ಗ್ರೀಸ್ ಕೈಯಲ್ಲೇ ನನ್ನ ಕೋಣೆಗೆ ಬಂದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆ ತಿಂಗಳ ಕೊನೆಗೆ ಎಚ್‌ಆರ್‌ಗೆ ಮೂರು ತಿಂಗಳ ವರದಿ ಕೊಡಬೇಕಿತ್ತು. ಅದರಲ್ಲಿ ಹೆಸರಿಲ್ಲ; ವಿಭಾಗ, ಹೆಣ್ಣೋ ಗಂಡೋ, ವಯಸ್ಸು, ತೊಂದರೆ, ಇಷ್ಟೇ. 'ಮೆಂಟೆನೆನ್ಸ್, ಹೆಣ್ಣು, ನಲವತ್ತರ ಮೇಲೆ, ಯಂತ್ರದ ಭಯ' ಎಂದು ತುಂಬಿ ಸಹಿ ಹಾಕಿದೆ. ಮುಂದಿನ ತಿಂಗಳು ಬಡ್ತಿ ಪಟ್ಟಿ ಬಂತು. ರೇಣುಕಾ ಹೆಸರಿರಲಿಲ್ಲ. ಅವರ ಸುರಕ್ಷತೆಗಾಗಿ ಎಂದು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದರು.

ಅವತ್ತು ಬಂದವರು ಕೂರಲಿಲ್ಲ. "ಮೇಡಂ, ನಮ್ಮ ಸೆಕ್ಷನ್‌ನ್ಯಾಗ ಹೆಣಮಗಳು ಅಂದ್ರ ನಾ ಒಬ್ಬಾಕಿನ ರೀ" ಎಂದರು.

ನನಗೆ ಗೊತ್ತಿರಲಿಲ್ಲವೇ? ಇಡೀ ವಿಭಾಗದಲ್ಲಿ ಮಾತಾಡಲು ಒಬ್ಬ ಹೆಂಗಸಿಲ್ಲ ಎಂದು ವಾರವಾರವೂ ಹೇಳಿದ್ದರು. ಕೇಳಿಸಿಕೊಳ್ಳುವುದೇ ನನ್ನ ಕಸುಬು ಎಂದು ಬೀಗುತ್ತಿದ್ದವಳಿಗೆ ಕಾಲಂ ತುಂಬುವಾಗ ಅದು ನೆನಪಾಗಲಿಲ್ಲ.

ಕೇಳಲು ಹೋದರೆ ಎಚ್‌ಆರ್ ಮ್ಯಾನೇಜರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದರು. "ಹೆಸರು ನೀವೂ ಬರ್ದಿಲ್ಲ, ನಾವೂ ಕೇಳಿಲ್ಲ ಮೇಡಂ. ನಾಳೆ ಆಯಮ್ಮಂಗೆ ಏನಾದ್ರೂ ಆದ್ರೆ ಯಾರ್ ಜವಾಬ್ದಾರಿ?" ರೇಣುಕಾ ಪೂರ್ತಿ ಗುಣವಾಗಿದ್ದಾರೆ ಎಂದು ಪತ್ರ ಬರೆದುಕೊಟ್ಟೆ. ಅದನ್ನು ಓದಿ, ಹಾಗಾದರೆ ಕಾಯಿಲೆ ಇದ್ದದ್ದು ನಿಜ ತಾನೆ ಎಂದು ಕೇಳಿ ಫೈಲಿಗೆ ಸೇರಿಸಿದರು.

ಜಗಳವಾಡಿ ವಿಭಾಗದ ಕಾಲಂ ತೆಗೆಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿ ನನ್ನ ಕೋಣೆಗೆ ಬರುವವರೇ ನಿಂತಿದ್ದರು.

ಕೆಲಸ ಬಿಡುವ ದಿನ ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಕ್ಷಮೆ ಕೇಳಿದೆ. ರೇಣುಕಾ ಡಬ್ಬಗಳಿಗೆ ಟೇಪ್ ಸುತ್ತುತ್ತಿದ್ದರು. "ಸಿಟ್ಟಿಲ್ರಿ ಮೇಡಂ. ಆದ್ರ ಇನ್ನ ಯಾರ ಮುಂದೂ ಬಾಯಿ ಬಿಡೂದಿಲ್ರಿ" ಎಂದು ಮತ್ತೊಂದು ಡಬ್ಬ ಎಳೆದುಕೊಂಡರು.

ಈಗ ಬೇರೆ ಕಂಪನಿ, ಅದೇ ಕೆಲಸ. ಬಂದವರು ಬಾಯಿ ತೆರೆಯುವ ಮೊದಲು ನಾನು ಏನೇನು ಬರೆಯುತ್ತೇನೆ, ಅದನ್ನು ಯಾರ್ಯಾರು ಓದುತ್ತಾರೆ ಎಂದು ಫಾರ್ಮ್ ತೆರೆದು ತೋರಿಸುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ನಾನು ತಡೆಯುವುದಿಲ್ಲ. ರೇಣುಕಾಗೆ ಹಾಗೆ ಎದ್ದು ಹೋಗುವ ಅವಕಾಶವನ್ನು ನಾನು ಕೊಡಲಿಲ್ಲ.