ರೂಬಿಯ ಅಜ್ಜಿ

ನಾನಿನ್ನೂ ಚಿಕ್ಕವಳು, ಎರಡು ಜಡೆ ಹಾಕಿಕೊಂಡು ಕಾನ್ವೆಂಟಿಗೆ ಹೋಗುತ್ತಿದ್ದ ಕಾಲ. ವೈಟ್‌ಫೀಲ್ಡ್‌ನ ಆಚೆ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳನ್ನು ಸಾಕಿ ಮಾರುವ ಒಂದು ಫಾರ್ಮ್ ಇತ್ತು. ಅಪ್ಪ ಅದರ ಮ್ಯಾನೇಜರ್. ನಮ್ಮ ಕ್ವಾರ್ಟರ್ಸ್ ಲಾಯದ ಪಕ್ಕದಲ್ಲೇ ಇದ್ದುದರಿಂದ, ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬೆಂದ ಹುರುಳಿಯ ವಾಸನೆ, ಒದ್ದೆ ಹುಲ್ಲಿನ ವಾಸನೆ ಮೂಗಿಗೆ ಬರುತ್ತಿತ್ತು.

ಅಲ್ಲಿ ರೂಬಿ ಎಂಬ ಕಂದು ಬಣ್ಣದ ಎಳೆಯ ಹೆಣ್ಣು ಕುದುರೆ ಇದ್ದಳು. ಅಕ್ಕನಿಗೂ ನನಗೂ ಅವಳೆಂದರೆ ಪ್ರಾಣ. ಆದರೆ ಅವಳ ತಾಯಿ ಮಹಾ ಸಿಡುಕಿ. ರೇಸಿಗೆ ಹೋಗಿ ಬೇಗನೆ ಕಾಲು ಕೆಡಿಸಿಕೊಂಡು ವಾಪಸ್ ಬಂದಿದ್ದಳು. ಮಗಳೂ ಹಾಗೆಯೇ ಆದಾಳು ಎಂದು ಯಾರೂ ಕೊಳ್ಳಲು ಮುಂದೆ ಬರಲಿಲ್ಲ. ಆ ವಾರ ಗಿರಾಕಿ ಸಿಗದಿದ್ದರೆ ಜಟಕಾದವನಿಗೆ ಕೊಟ್ಟುಬಿಡಿ ಎಂದು ಯಜಮಾನರು ಹೇಳಿದ್ದರು. ಅದನ್ನು ಕೇಳಿದ ಮೇಲೆ ಅಕ್ಕ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

ಶನಿವಾರ ಒಬ್ಬ ರಿಟೈರ್ಡ್ ಮೇಜರ್ ಬಂದರು. ಮಕ್ಕಳಿಗೆ ಜಂಪಿಂಗ್, ಅಂದರೆ ಕುದುರೆ ಮೇಲೆ ಕೂತು ಬೇಲಿ ಹಾರುವುದನ್ನು, ಕಲಿಸುವವರು. ಅವರಿಗೆ ವರ್ಷಾನುಗಟ್ಟಲೆ ಬಾಳುವ ಕುದುರೆ ಬೇಕಿತ್ತು. ನಾವಿಬ್ಬರೂ ಹುಲ್ಲಿನ ಬಣವೆಯ ಹಿಂದೆ ನಿಂತು ನೋಡುತ್ತಿದ್ದೆವು. ಅಪ್ಪ ರೂಬಿಯನ್ನು ತರಲಿಲ್ಲ. ಅವಳ ಅಜ್ಜಿಯನ್ನು, ಅಂದರೆ ತಾಯಿಯ ತಾಯಿಯನ್ನು, ನಡೆಸಿಕೊಂಡು ಬಂದು ಯಾರೆಂದು ಹೇಳಿದರು. ಹಣೆ ನರೆತಿತ್ತು, ಬೆನ್ನು ತಗ್ಗಿತ್ತು. ಆದರೂ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ತರಹ ಕತ್ತು ನೆಟ್ಟಗೆ ಹಿಡಿದು ಬಂದಳು, ಪರ್ಫೆಕ್ಟ್ ಲೇಡಿ.

“ಏನ್ರೀ ಇದು? ಮೊಮ್ಮಗಳನ್ನ ನೋಡೋಕೆ ಬಂದ್ರೆ ಅಜ್ಜಿನ ಕರ್ಕೊಂಡ್ ಬಂದಿದೀರ. ಮದುವೆ ಮಾತುಕತೆನಾ?” ಎಂದು ಮೇಜರ್ ನಕ್ಕರು.

“ಹಾಗೇ ಅನ್ಕೊಳ್ಳಿ ಸಾರ್. ಮೊದ್ಲು ಇವಳ ಕಾಲು ಮುಟ್ಟಿ ನೋಡಿ,” ಎಂದರು ಅಪ್ಪ.

ಮೇಜರ್ ಬಗ್ಗಿ ಮೊಣಕಾಲಿನಿಂದ ಗೊರಸಿನವರೆಗೆ ಮೆಲ್ಲಗೆ ಕೈಯಾಡಿಸಿದರು. ಬಿಸಿಯಿಲ್ಲ, ಊತವಿಲ್ಲ, ಗಂಟಿಲ್ಲ. ಎಷ್ಟೋ ಓಡಿದ, ಎಷ್ಟೋ ಮರಿಗಳ ಭಾರ ಹೊತ್ತ ಕಾಲು ಅದು. ಮೇಜರ್ ಎದ್ದು ನಿಂತಾಗ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

“ಮತ್ತೆ ಇವಳ ಮಗಳ ಕಾಲು ಯಾಕೆ ಕೆಡ್ತು?”

“ಮೂಳೆ ಬಲಿಯೋ ಮುಂಚೆನೇ ಓಡಿಸ್ಬಿಟ್ರು ಸಾರ್. ಅದು ರಕ್ತದ ತಪ್ಪಲ್ಲ, ಮನುಷ್ಯರ ಆತುರ.”

“ಮೊಮ್ಮಗಳ ಟೆಂಪರ್?”

ಅಕ್ಕ ನನ್ನ ಕೈ ಹಿಂಡಿದಳು. ಅಪ್ಪ ಇಲ್ಲೊಂದು ಸಣ್ಣ ಸುಳ್ಳು ಹೇಳಿದ್ದರೆ ಸಾಕಿತ್ತು.

“ಅದು ತಾಯಿದೇ,” ಎಂದರು ಅಪ್ಪ. “ಗದರಿದ್ರೆ ಒದೀತಾಳೆ. ಈ ಮುದುಕಿನೂ ಚಿಕ್ಕವಳಾಗಿದ್ದಾಗ ಹಾಗೇ ಇದ್ಳು. ಮೆತ್ತಗೆ ಮಾತಾಡಿಸಿದ್ರೆ ಎಂಥಾ ಬೇಲಿನಾದ್ರೂ ಹಾರ್ತಾಳೆ.”

ರೂಬಿಯನ್ನು ತಂದಾಗ ಅವಳು ಕಿವಿ ಹಿಂದಕ್ಕೆ ಒತ್ತಿ ಬುಸುಗುಟ್ಟಿದಳು. ಮೇಜರ್ ಹತ್ತಿರ ಹೋಗಲಿಲ್ಲ. ಬೆನ್ನು ತಿರುಗಿಸಿ ಸುಮ್ಮನೆ ನಿಂತುಬಿಟ್ಟರು. ಬಹಳ ಹೊತ್ತಿನ ನಂತರ ರೂಬಿ ತಾನಾಗಿಯೇ ಹೆಜ್ಜೆಯಿಟ್ಟು ಬಂದು, ಅವರ ಭುಜದ ಮೇಲೆ ಮೂತಿಯಿಟ್ಟು ಉಸಿರು ಬಿಟ್ಟಳು.

“ನಾಳೆ ವ್ಯಾನ್ ಕಳಿಸ್ತೀನಿ,” ಎಂದರು ಮೇಜರ್, ಅಲುಗಾಡದೆ. “ಅಲ್ಲೀವರೆಗೆ ಇವಳನ್ನ ಯಾರೂ ಗದರಬೇಡಿ.”

ರೂಬಿ ತುಂಬಾ ವರ್ಷ ಮಕ್ಕಳನ್ನು ಹೊತ್ತು ಬೇಲಿ ಹಾರಿದಳಂತೆ. ಒಮ್ಮೆಯೂ ಕುಂಟಲಿಲ್ಲವಂತೆ.

ಮಕ್ಕಳೇ, ಆ ಫಾರ್ಮ್ ಇದ್ದಲ್ಲಿ ಈಗ ಗಾಜಿನ ಟೆಕ್ ಪಾರ್ಕ್ ಇದೆ. ನಿಮ್ಮ ಸ್ಕೂಲ್ ವ್ಯಾನ್ ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವುದು ಅದರ ಮುಂದೆಯೇ. ಏನನ್ನಾದರೂ ಕೊಳ್ಳುವ ಮೊದಲು ನೀವು ಫೋನಿನಲ್ಲಿ ಎಷ್ಟು ಸ್ಟಾರ್ ಇದೆ ಎಂದು ನೋಡುತ್ತೀರಿ. ನಮ್ಮ ಕಾಲದಲ್ಲಿ, ಡಿಯರ್ಸ್, ಅಜ್ಜಿಯನ್ನು ನೋಡುತ್ತಿದ್ದರು.