ಗೂಡಿನ ನೀರಿನಲ್ಲಿ ಮಿಂದ ಕೂದಲು

ಮೊನ್ನೆ ಮಗಳು ಅಂಗಡಿಯಿಂದ ಒಂದು ಬಾಟಲಿ ತಂದಳು. ತಲೆ ತೊಳೆದ ಮೇಲೆ ಹಚ್ಚಿಕೊಳ್ಳುವಂಥದ್ದು. ಹಚ್ಚಿದರೆ ಒದ್ದೆ ಕೂದಲು ಸಿಕ್ಕಾಗದೆ ಬಾಚಣಿಗೆಯಿಂದ ಜಾರಿ ಬರುತ್ತದಂತೆ. ಬಾಟಲಿಯ ಮೇಲೆ ಎರಡು ಬಿಳಿ ರೇಷ್ಮೆಗೂಡುಗಳ ಚಿತ್ರ, ಪಕ್ಕದಲ್ಲಿ ಒಂದು ಹಿಪ್ಪುನೇರಳೆ ಎಲೆ. "ಇದರಲ್ಲಿ ರೇಷ್ಮೆ ಸತ್ವ ಹಾಕಿರ್ತಾರಮ್ಮ" ಅಂದಳು. ಮುಚ್ಚಳ ತೆಗೆದು ಮೂಸಿದೆ. ಗುಲಾಬಿಯ ಘಮ. ಬೆಂದ ಹುಳದ ವಾಸನೆ ಹೆಸರಿಗೂ ಇರಲಿಲ್ಲ. ನಗು ಬಂತು. ನಗುತ್ತಿದ್ದ ಹಾಗೆಯೇ ಮುಚ್ಚಳ ಬಿಗಿದು ಬಾಟಲಿಯನ್ನು ಕೆಳಗಿಟ್ಟೆ.

ನನಗಾಗ ಹದಿಮೂರು ವರ್ಷ. ನಾವು ಶಿಡ್ಲಘಟ್ಟದಲ್ಲಿದ್ದೆವು. ನಮ್ಮ ಗೋಡೆಗೆ ಅಂಟಿಕೊಂಡಿದ್ದ ಪಕ್ಕದ ಮನೆಯಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಆ ಮನೆಯ ಹೆಂಗಸನ್ನು ಅವರ ತಂಗಿಯ ಮಕ್ಕಳು ಖಾಲಾ ಎಂದು ಕರೆಯುತ್ತಿದ್ದರು. ನಾವು ದೊಡ್ಡಮ್ಮ ಅನ್ನುತ್ತೇವಲ್ಲ, ಹಾಗೆ. ಕೇಳಿ ಕೇಳಿ ನಮಗೂ ಅವರು ಖಾಲಾ ಆದರು. ಹೆಸರು ಏನೆಂದು ನಾನು ಕೇಳಿದ್ದೇ ಇಲ್ಲ. ಬೆಳಗ್ಗೆ ಅವರು ಬಿಸಿನೀರಿನ ತೊಟ್ಟಿಯ ಮುಂದೆ ಕೂತರೆ ಏಳುತ್ತಿದ್ದುದು ಮಧ್ಯಾಹ್ನ ಇಳಿದ ಮೇಲೆಯೇ. ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಿದ್ದರು, ಏಳೆಂಟು ಎಳೆಗಳನ್ನು ಒಂದಾಗಿಸಿ ತಿರುಗುವ ಚಕ್ರಕ್ಕೆ ಕೊಡುತ್ತಿದ್ದರು. ಬಿಸಿನೀರಿನಲ್ಲಿ ನೆಂದು ನೆಂದು ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಒಡೆದಿರುತ್ತಿದ್ದವು.

ಆ ವರ್ಷ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ, ಅದು ಕೀವುಗೂಡಿ, ಎರಡು ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅಪ್ಪ ಅಲ್ಲೇ ಉಳಿದರು. ಮನೆಯಲ್ಲಿ ಅಜ್ಜಿ, ನಾನು, ಆರು ವರ್ಷದ ತಂಗಿ. ಸೊಸೆ ನೆಟ್ಟಗೆ ಮನೆಗೆ ಬಂದರೆ ಚಿಕ್ಕ ಮೊಮ್ಮಗಳ ಮುಡಿ ಕೊಡುತ್ತೇನೆಂದು ಅಜ್ಜಿ ಮನೆದೇವರಿಗೆ ಹರಕೆ ಹೊತ್ತಿದ್ದರು. ಅಂದಿನಿಂದ ಅವಳ ಕೂದಲು ಅವಳದಾಗಿ ಉಳಿಯಲಿಲ್ಲ, ದೇವರದಾಯಿತು. ಕತ್ತರಿ ಮುಟ್ಟಿಸುವ ಹಾಗಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿದ್ದರಿಂದ ಅದನ್ನು ತೊಳೆದು ಬಾಚಿ ಹೆಣೆಯುವ ಕೆಲಸ ನನ್ನದು. ಆ ಕೂದಲಿಗೆ ಏನಾದರೂ ಆದರೆ ಅಮ್ಮ ಬರುವುದಿಲ್ಲ… ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ನಂಬಿಕೊಂಡಿದ್ದೆ.

ಶನಿವಾರ ಅಮ್ಮನನ್ನು ಮನೆಗೆ ಕಳಿಸುತ್ತಾರೆಂದು ಮಂಗಳವಾರ ಸುದ್ದಿ ಬಂತು. ತಂಗಿಯ ಕೂದಲು ಹೊಳೆಯಬೇಕು ಅನ್ನಿಸಿತು ನನಗೆ. ಖಾಲಾ ಮನೆಯ ಒಳಗೆ ನೇತುಹಾಕಿರುತ್ತಿದ್ದ ನೂಲಿನ ಲಡಿಗಳನ್ನು ದಿನವೂ ನೋಡುತ್ತಿದ್ದೆ. ಮಂಕಾದ ಗೂಡು ಆ ನೀರಿಗೆ ಬೀಳುತ್ತದೆ, ಮಿನುಗುವ ನೂಲಾಗಿ ಹೊರಗೆ ಬರುತ್ತದೆ. ಹಾಗಾದರೆ ಮಿನುಗು ಇರುವುದು ನೀರಿನಲ್ಲಿ. ಹದಿಮೂರರ ತಲೆಗೆ ಇದು ಪಕ್ಕಾ ಅನ್ನಿಸಿತು. ಸಂಜೆ ತೊಟ್ಟಿ ಖಾಲಿ ಮಾಡುವ ಹೊತ್ತಿಗೆ ಹೋಗಿ, ಗಿಡಕ್ಕೆ ಎಂದು ಸುಳ್ಳು ಹೇಳಿ, ತಳದ ಮಂದವಾದ ನೀರನ್ನು ಒಂದು ಬಿಂದಿಗೆ ತಂದೆ. ತಂಗಿಯನ್ನು ಬಚ್ಚಲಲ್ಲಿ ಕೂರಿಸಿ ಅಷ್ಟನ್ನೂ ಅವಳ ತಲೆಗೆ ಹುಯ್ದೆ.

"ಅಕ್ಕಾ, ಹುಳದ ವಾಸ್ನೆ."

"ಸುಮ್ನಿರೇ. ಒಣಗಿದ್ಮೇಲೆ ನೋಡು."

ಒಣಗಿದ ಮೇಲೆ ನೋಡಿದೆವು. ಗೂಡಿನ ಅಂಟು ಆ ನೀರಿನಲ್ಲೇ ಕರಗಿರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತುಂಡಾದ ರೇಷ್ಮೆ ಎಳೆಗಳು ಕಣ್ಣಿಗೆ ಕಾಣದಂತೆ ತಳದಲ್ಲಿ ತೇಲಾಡುತ್ತಿರುತ್ತವೆ ಎಂಬುದೂ ತಿಳಿದಿರಲಿಲ್ಲ. ಬೆಳಗ್ಗೆ ಎದ್ದಾಗ ಬೆನ್ನಿನ ಅರ್ಧಕ್ಕೆ ಬರುತ್ತಿದ್ದ ಕೂದಲು ಗಟ್ಟಿಯಾಗಿ, ಕತ್ತಿನ ಹಿಂದೆ ಒಂದೇ ಮುದ್ದೆಯಾಗಿ ಕೂತಿತ್ತು. ನೀರು ಚಿಮುಕಿಸಿ ಬಾಚಣಿಗೆ ಹಾಕಿ ಎಳೆದೆ. ಅವಳು ಕಿರುಚಿದಳು. ಆ ಕಿರುಚಾಟಕ್ಕಿಂತ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಟಪ್ ಎಂಬ ಸಣ್ಣ ಸದ್ದು. ಮತ್ತೊಂದು ಟಪ್. ಬಾಚಣಿಗೆಯಲ್ಲಿ ಹನ್ನೊಂದು ಕೂದಲು ಬಂದವು. ಎಣಿಸಿದ್ದೇನೆ, ಅದಕ್ಕೇ ನೆನಪಿದೆ. ನೋಟ್‌ಬುಕ್ಕಿನ ಹಾಳೆ ಹರಿದು ಅದರಲ್ಲಿ ಮಡಿಸಿಟ್ಟೆ.

ಅಜ್ಜಿ ಬಂದು ಕೈಯಿಂದ ಮುಟ್ಟಿ, ಮೂಸಿ ನೋಡಿದರು. "ಅಯ್ಯೋ ದೇವುಡಾ, ಏಮಿ ಚೇಸ್ತಿವೇ!" ಏನು ಮಾಡಿಬಿಟ್ಟೆಯೇ ಅಂತ. ಅಜ್ಜಿಗೆ ಭಯವಾದರೆ ಬಾಯಿಗೆ ತೆಲುಗೇ ಬರುತ್ತಿತ್ತು. ಹೇಗಿದ್ದರೂ ಬೋಳಿಸುವ ಕೂದಲು ತಾನೇ ಎಂದು ನಾನು ತೊದಲಿದೆ. "ಗಂಟುಗಟ್ಟಿದ ಮುಡಿ ಕೊಡ್ತಾರೇನೇ ದೇವ್ರಿಗೆ? ಒಣಗಿದ ಹೂವ ಯಾರಾದ್ರೂ ಮುಡಿಸ್ತಾರಾ?" ಅಂದರು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು. ಅವರು ಬೈದಿದ್ದರೆ ವಾಸಿಯಿತ್ತು.

ತಂಗಿಯ ಅಳು ಗೋಡೆ ದಾಟಿತ್ತು. ಖಾಲಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಇವಳು ತಂಗಿಗೆ ಹುಳದ ಸಾರು ಹುಯ್ದು ತಲೆ ತೊಳ್ದಿದಾಳೆ, ನೋಡಮ್ಮ" ಅಂದರು ಅಜ್ಜಿ.

ಖಾಲಾ ನನ್ನನ್ನೇ ನೋಡಿದರು. "ಅರೆ ಬೇಟಿ, ಗಿಡಕ್ಕೆ ಅಂತ ತಗೊಂಡ್ಹೋಗಿ ತಂಗಿಗೆ ಹಾಕಿದ್ಯಾ? ಚೆನ್ನಾಗಿ ಬೆಳೀತಾಳೆ ಬಿಡು."

ನಾನು ಅತ್ತುಬಿಟ್ಟೆ. ಅವರು ತಂಗಿಯ ಹಿಂದೆ ಕೂತು, ಆ ಮುದ್ದೆಯನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದರು. ಬಾಚಣಿಗೆಯನ್ನು ತೆಗೆದು ಪಕ್ಕಕ್ಕಿಟ್ಟರು. "ಅಮ್ಮ ಬರೋದು ಶನಿವಾರ ಅಲ್ವಾ? ಮೂರು ಸಂಜೆ ಕೊಡಿ ನಂಗೆ. ಅಲ್ಲೀವರ್ಗೂ ಯಾರೂ ಇದನ್ನ ಒಣಗಿದಾಗ ಮುಟ್ಟಬೇಡಿ."

ಬುಧವಾರ, ಗುರುವಾರ, ಶುಕ್ರವಾರ. ನಾಲ್ಕು ಗಂಟೆಗೆ ತಮ್ಮ ಕೆಲಸ ಮುಗಿಸಿ, ಒಂದು ಲೋಟ ಚಾ ಕುಡಿದು ಬರುತ್ತಿದ್ದರು. ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಕೂದಲನ್ನು ಬಹಳ ಹೊತ್ತು ನೆನೆಸುವುದು, ಅಂಟು ಸಡಿಲವಾಗಲಿ ಎಂದು. ಆಮೇಲೆ ನಮ್ಮ ಹಿತ್ತಲ ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆ ಸವರುವುದು. ಟವೆಲಿನಿಂದ ಉಜ್ಜಲು ಬಿಡಲಿಲ್ಲ. ಬಟ್ಟೆಯಲ್ಲಿ ಸುಮ್ಮನೆ ಅದುಮಿ ನೀರು ತೆಗೆದರು. ಬುಡದ ಕಡೆ ಹೋಗಲೇ ಇಲ್ಲ. ತುದಿಯಿಂದ ಎರಡು ಬೆರಳಿನಷ್ಟು ಮೇಲೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಅದರ ಕೆಳಗಿನ ಸಿಕ್ಕನ್ನು ಬಲಗೈ ಬೆರಳಿನಿಂದ ಬಿಡಿಸುತ್ತಿದ್ದರು. ಎಳೆತ ಎಡಗೈಯಲ್ಲೇ ನಿಲ್ಲುತ್ತಿತ್ತು, ತಲೆಗೆ ಮುಟ್ಟುತ್ತಿರಲಿಲ್ಲ. ಅಷ್ಟು ಸಡಿಲವಾದ ಮೇಲೆ ಹಿಡಿತ ಎರಡು ಬೆರಳು ಮೇಲೆ ಸರಿಯುತ್ತಿತ್ತು.

"ಒದ್ದೆ ಕೂದ್ಲು ಎಳುದ್ರೆ ಹಿಗ್ಗುತ್ತೆ. ಹಿಗ್ತಾ ಇದೆ ಅಂತ ಇನ್ನಷ್ಟು ಎಳೀತೀವಿ. ಆಗ್ಲೇ ಕಡಿಯೋದು" ಎಂದು ಒಮ್ಮೆ ಹೇಳಿದರು. ನಡುನಡುವೆ ಸಿಕ್ಕುತ್ತಿದ್ದ ರೇಷ್ಮೆ ಎಳೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವರು ಅದನ್ನು ನೋಡುತ್ತಲೂ ಇರಲಿಲ್ಲ. ಒಡೆದ ಬೆರಳ ತುದಿಗೆ ಅದು ತಗುಲಿದ ಕೂಡಲೇ ನಿಲ್ಲಿಸಿ, ಕೂದಲನ್ನು ಬಿಟ್ಟು ಎಳೆಯನ್ನು ಮಾತ್ರ ಹೊರಗೆ ತೆಗೆಯುತ್ತಿದ್ದರು.

ತಂಗಿ ಚಡಪಡಿಸುತ್ತಿದ್ದಳು. "ಖಾಲಾ, ನನ್ ತಲೇಲಿ ಹುಳ ಇದ್ಯಾ?"

"ಇದೆ. ಗೂಡು ಕಟ್ತಾ ಐತೆ. ನೀನು ಅಲ್ಲಾಡಿದ್ರೆ ಬೇಜಾರಾಗಿ ಎದ್ದೋಗುತ್ತೆ."

ಅವಳು ಉಸಿರು ಬಿಗಿಹಿಡಿದು ಕೂತಳು. ಗೋಡೆಗೆ ಒರಗಿದ್ದ ಅಜ್ಜಿ ಅಂದು ಮೊದಲ ಸಲ ನಕ್ಕರು.

ಎರಡನೆಯ ಸಂಜೆ ಧೈರ್ಯ ಮಾಡಿ ಕಾಗದದ ಪೊಟ್ಟಣವನ್ನು ಅವರ ಮುಂದೆ ಬಿಚ್ಚಿದೆ. ಹನ್ನೊಂದು ಕೂದಲು. ಅಜ್ಜಿ ಒಳಗೆ ದೀಪ ಹಚ್ಚುತ್ತಿದ್ದರು. ಹರಕೆ ಮುರಿಯಿತೇ, ಅಮ್ಮ ಬರುತ್ತಾರಾ ಎಂದು ಪಿಸುಗುಟ್ಟಿದೆ. ಖಾಲಾ ನಗಲಿಲ್ಲ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಎರಡು ಗುಂಪು ಮಾಡಿದರು. "ಇಲ್ಲಿ ನೋಡು. ಬುಡದಲ್ಲಿ ಬೆಳ್ಳಗೆ ಚುಕ್ಕಿ ಇದ್ರೆ ಅದು ತಾನಾಗೇ ಉದುರಿದ್ದು. ದಿನಾ ಎಲ್ಲಾರ್ಗೂ ಉದುರುತ್ತೆ. ಅದಕ್ಕೆ ನೀನು ಕಾರಣ ಅಲ್ಲ." ಚುಕ್ಕಿ ಇದ್ದವು ಒಂಬತ್ತು. ಉಳಿದ ಎರಡನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. "ಇವು ಕಡಿದಿದ್ದು. ನೀನೇ ಕಡಿದಿದ್ದು. ಮುಡಿ ಕೊಡುವಾಗ ಇವನ್ನೂ ಅದರ ಜೊತೆ ಇಟ್ಟುಬಿಡು. ತುಂಡಾಗಿದ್ರೂ ತಗೋತಾನೆ. ನಿಮ್ಮ ದೇವ್ರಾದ್ರೇನು, ಅಷ್ಟೂ ತಿಳಿಯಲ್ವಾ ಅವನಿಗೆ?"

ಹದಿನೈದು ದಿನದಲ್ಲಿ ಬೋಳಿಸಿಬಿಡುವ ಕೂದಲಿಗೆ ಇಷ್ಟೊಂದು ಕಷ್ಟಪಡುತ್ತೀರಲ್ಲ ಎಂದೆ ನಾನು. ಅವರು ಕೆಲಸ ನಿಲ್ಲಿಸದೆಯೇ ಹೇಳಿದರು: "ನಾನು ಬಿಚ್ಚೋ ನೂಲು ನಂದಾ? ಎಲ್ಲೋ ಯಾರೋ ಸೀರೆ ಉಡ್ತಾರೆ. ಹಂಗಂತ ಎಳೆ ಕಡಿಯೋಕೆ ಬಿಡ್ತೀನಾ ಬೇಟಿ?"

ಮೂರನೆಯ ಸಂಜೆ ಒಂದೇ ಒಂದು ಗಂಟು ಉಳಿದಿತ್ತು, ಕಿವಿಯ ಹಿಂದೆ, ಕಡಲೆಕಾಳಿನಷ್ಟು. ಖಾಲಾ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ನನಗೆ ಬೇಡವಾಗಿತ್ತು. ಕೈ ನಡುಗುತ್ತಿತ್ತು. "ನಡುಗ್ಲಿ. ಎಳೀಬೇಡ, ಅಷ್ಟೇ" ಅಂದರು. ಎಷ್ಟು ಹೊತ್ತಾಯಿತೋ… ಇದ್ದಕ್ಕಿದ್ದ ಹಾಗೆ ಗಂಟು ಇರಲಿಲ್ಲ. ಬೆರಳ ನಡುವೆ ಬರಿಯ ಕೂದಲು, ತಣ್ಣಗೆ, ಒದ್ದೆಯಾಗಿ. ಯಾವ ಸದ್ದೂ ಆಗಲಿಲ್ಲ. ತಂಗಿ ಕೂತಲ್ಲೇ ನಿದ್ದೆ ಹೋಗಿದ್ದಳು.

ಶನಿವಾರ ಮಧ್ಯಾಹ್ನ ಅಮ್ಮ ಬಂದರು. ಅಪ್ಪನ ತೋಳು ಹಿಡಿದು, ಅರ್ಧ ಆಗಿದ್ದರು. ಮಂಚದ ಮೇಲೆ ಕೂತು ತಂಗಿಯ ಜಡೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿ, "ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯ ಕಣೇ" ಅಂದರು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಹುಳದ ಸಾರಿನ ಮಾತಿಗೆ ಬಂದಾಗ ಅವರು ಹೊಟ್ಟೆ ಹಿಡಿದುಕೊಂಡರು. "ನಗಿಸ್ಬೇಡ್ವೇ, ಹೊಲಿಗೆ ಎಳೆಯುತ್ತೆ…" ಎಂದು ನಗುತ್ತಲೇ ಅತ್ತರು.

ಮುಡಿ ಕೊಟ್ಟ ದಿನ ತಂಗಿಯ ಕೂದಲು ನುಣ್ಣಗೆ, ಎಳೆ ಎಳೆಯಾಗಿ ತಟ್ಟೆಗೆ ಇಳಿಯಿತು. ಯಾರೂ ನೋಡದಾಗ ನನ್ನ ಪೊಟ್ಟಣದ ಎರಡನ್ನೂ ಅದರ ಮೇಲೆ ಇಟ್ಟೆ. ಅವು ಉಳಿದವುಗಳ ಜೊತೆ ಸೇರಿಹೋದವು. ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡು ಬಂದ ತಂಗಿ ನೆಟ್ಟಗೆ ಖಾಲಾ ಮನೆಗೆ ಓಡಿ, "ಹುಳ ಹಾರ್ಹೋಯ್ತು" ಎಂದು ಹೇಳಿ ಬಂದಳು.

ಮುಂದಿನ ವರ್ಷ ಅಪ್ಪನಿಗೆ ವರ್ಗವಾಗಿ ನಾವು ಚಿಕ್ಕಬಳ್ಳಾಪುರಕ್ಕೆ ಬಂದೆವು. ದೂರವೇನೂ ಇಲ್ಲ, ಬಸ್ಸಿನಲ್ಲಿ ಗಂಟೆಯೊಳಗಿನ ದಾರಿ. ಹತ್ತಿರ ಇದ್ದುದರಿಂದಲೇ ಹೋಗದೆ ಉಳಿದೆನೇನೋ… ಆ ಬಾಟಲಿ ಮನೆಗೆ ಬಂದ ಮೇಲಿನ ಭಾನುವಾರ ಹೋದೆ. ಆ ಮನೆಯಲ್ಲಿ ಈಗ ನೂಲು ಬಿಚ್ಚುವುದಿಲ್ಲ. ತೊಟ್ಟಿ ಇದ್ದ ಜಾಗದಲ್ಲಿ ಎರಡು ಸ್ಕೂಟರ್ ನಿಂತಿವೆ. ಖಾಲಾ ಅವರ ಮಗ ಬಾಗಿಲು ತೆಗೆದರು. "ಅಮ್ಮ ಹೋಗಿ ಎರಡು ವರ್ಷ ಆಯ್ತಕ್ಕ" ಅಂದರು. ಸೊಸೆ ಚಾ ಕೊಟ್ಟಳು. ನಾನು ನಡೆದದ್ದೆಲ್ಲ ಹೇಳಿದೆ. ಇಬ್ಬರೂ ಕೇಳಿ ನಕ್ಕರು, ಆಶ್ಚರ್ಯಪಟ್ಟರು. ಖಾಲಾ ಈ ಸಂಗತಿಯನ್ನು ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲವಂತೆ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರ ಮುಖವನ್ನು ನೆನಪಿಗೆ ತಂದುಕೊಳ್ಳುತ್ತಿದ್ದೆ. ಹಣೆ ಬಂತು, ಮೂಗಿನ ನತ್ತು ಬಂತು. ತಲೆಯ ಮೇಲೆ ಯಾವಾಗಲೂ ಹೊದ್ದಿರುತ್ತಿದ್ದ ಸೆರಗು. ಆ ಸೆರಗಿನ ಅಡಿ ಅವರ ಕೂದಲು ಕಪ್ಪಗಿತ್ತೋ ನೆರೆತಿತ್ತೋ, ಉದ್ದವಿತ್ತೋ ಮೋಟಾಗಿತ್ತೋ ನನಗೆ ತಿಳಿಯದು. ಸೊಸೆಯನ್ನು ಕೇಳಬಹುದಿತ್ತು. ಕೇಳಲು ಹೊಳೆಯಲಿಲ್ಲ. ಮೂರು ಸಂಜೆ ಅವರು ನಮ್ಮ ಮನೆಯ ಮಗುವಿನ ಹಿಂದೆ ಕೂತರು. ಅವರ ಹಿಂದೆ ಕೂರುವ ಸರದಿ ನನಗೆ ಬರಲೇ ಇಲ್ಲ.